ಕಲ್ಲಿನ ನಡುವೆ ಹಸಿರು ಹಾಸು: ತೀರ್ಥಹಳ್ಳಿ ಸೀಮೆಯ ಒಂದು ಎರಡಡಿ ಟ್ಯಾಂಕು

ದೊಡ್ಡಮ್ಮನ ಫೋನು ಬಂದದ್ದು ಮೇ ತಿಂಗಳ ಮೊದಲ ವಾರದಲ್ಲಿ. "ಮೀನಿನ ಟ್ಯಾಂಕಿಗೆ ಎಂತದೋ ಹಸಿರು ಕೂದಲು ಹಿಡಿದಿದೆ ಮಾರಾಯ. ನೆಟ್ಟ ಗಿಡ ಎಲ್ಲ ಕೊಳೆತು ಮೇಲೆ ತೇಲ್ತಾ ಇದೆ. ಒಂದು ಸಲ ಬಂದು ನೋಡು" ಎಂದರು. ಅವರ ಧ್ವನಿಯಲ್ಲಿ ಬೇಸರ ಇತ್ತು. ದೊಡ್ಡಪ್ಪ ಹೋದ ಮೇಲೆ ಸಂಜೆ ಹೊತ್ತು ಅವರು ಕೂರುವುದು ಆ ಟ್ಯಾಂಕಿನ ಎದುರಿಗೇ.

ನಾನು ಶಿವಮೊಗ್ಗದಲ್ಲಿರುವವನು. ಹನ್ನೆರಡು ವರ್ಷದಿಂದ ಗಿಡಗಳಿರುವ ಅಕ್ವೇರಿಯಂ ಸಾಕುತ್ತಿದ್ದೇನೆ. ದೊಡ್ಡಮ್ಮನ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ಒಳಗಿನ ಒಂದು ಹಳ್ಳಿಯಲ್ಲಿ. ಹಂಚಿನ ಮನೆ, ಮುಂದೆ ಗದ್ದೆ, ಹಿಂದೆ ಅಡಿಕೆ ತೋಟ. ಮನೆಗೆ ಬರುವುದು ಅಬ್ಬಿ ನೀರು. ಗುಡ್ಡದ ಒರತೆಯಿಂದ ಇಳಿದು ಬರುವ ನೀರು ಅದು. ಮೊದಲು ಅಡಿಕೆ ದಬ್ಬೆಯಲ್ಲಿ ಬರುತ್ತಿತ್ತು, ಈಗ ಪೈಪಿನಲ್ಲಿ ಬರುತ್ತದೆ. ಈ ಪ್ರಕರಣದಲ್ಲಿ ಆ ನೀರಿಗೆ ದೊಡ್ಡ ಪಾತ್ರವಿದೆ.

ಟ್ಯಾಂಕಿನ ಅಳತೆ 24 ಇಂಚು ಉದ್ದ, 12 ಇಂಚು ಅಗಲ, 14 ಇಂಚು ಎತ್ತರ. ಕಂಠಪೂರ್ತಿ ತುಂಬಿದರೆ 66 ಲೀಟರ್. ಮಣ್ಣು, ಕಲ್ಲು ಕಳೆದರೆ ನೀರು ನಿಲ್ಲುವುದು 50 ಲೀಟರ್ ಆಸುಪಾಸು. ನಾಲ್ಕು ವರ್ಷ ಅದರಲ್ಲಿ ಒಂದು ಮರದ ಬೊಡ್ಡೆ, ರಿಬ್ಬನ್ನಿನಂಥ ವ್ಯಾಲಿಸ್ನೇರಿಯಾ ಹುಲ್ಲು, ಒಂದಿಷ್ಟು ಕ್ರಿಪ್ಟೋಕೊರೈನ್ ಗಿಡ, ಒಂಬತ್ತು ರಾಸ್ಬೋರಾ ಮೀನು ಇದ್ದವು. ಯಾರೂ ಹೆಚ್ಚು ಮುಟ್ಟದೆ ಅದು ಚೆನ್ನಾಗಿಯೇ ನಡೆದಿತ್ತು.

ಬೆಂಗಳೂರಿನಲ್ಲಿರುವ ಅಣ್ಣ, ಅಂದರೆ ದೊಡ್ಡಮ್ಮನ ಮಗ, ಸಂಕ್ರಾಂತಿ ರಜೆಗೆ ಬಂದಾಗ ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿದ. ಅವನಿಗೆ ಜಪಾನಿನ ಇವಾಗುಮಿ ಶೈಲಿಯ ಮೇಲೆ ಮನಸ್ಸು ಬಿದ್ದಿತ್ತು. ಕೆಲವೇ ಕಲ್ಲು, ಸುತ್ತ ನೆಲಕ್ಕೆ ಅಂಟಿದ ಹಸಿರು ಹಾಸು, ಬೇರೇನೂ ಇಲ್ಲ. ಜಪಾನಿನ ನೀಗಾಟದ ತಕಾಶಿ ಅಮಾನೋ (1954–2015) ಈ ಶೈಲಿಯನ್ನು ಜಗತ್ತಿಗೆಲ್ಲ ಪರಿಚಯಿಸಿದವರು. ಅವರ ಟ್ಯಾಂಕುಗಳ ಫೋಟೋ ನೋಡಿದ ಯಾರಿಗಾದರೂ ಆಸೆ ಹುಟ್ಟುತ್ತದೆ, ಅಣ್ಣನದು ತಪ್ಪಲ್ಲ. ಅಂಗಡಿಯಿಂದ 12 ಕೆ.ಜಿ. ಬೂದು ಕಲ್ಲು, ಗಿಡದ ಟ್ಯಾಂಕಿಗೆಂದೇ ಸಿಗುವ ಅಕ್ವಾಸಾಯಿಲ್ ಮಣ್ಣು, 30 ವ್ಯಾಟಿನ ಎಲ್‌ಇಡಿ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತಂದ. ಹಸಿರು ಹಾಸಿಗೆಂದು 'ಕ್ಯೂಬಾ' ಗಿಡ ನೆಟ್ಟ. ಕಾರ್ಪೆಟ್ ಗಿಡಗಳಲ್ಲೇ ಅತಿ ಸಣ್ಣ ಎಲೆಯದು ಅದು. ಫೆಬ್ರವರಿಯಲ್ಲಿ ಚೆನ್ನಾಗಿ ಹಬ್ಬಿತು. ಯುಗಾದಿ ಹೊತ್ತಿಗೆ ಹಳದಿಯಾಯಿತು. ಮೇ ಬರುವಷ್ಟರಲ್ಲಿ ಮುಗಿದಿತ್ತು.

ನಾನು ಹೋಗಿ ನೋಡಿದ್ದು

ಹೋದ ಕೂಡಲೇ ಕಲ್ಲಿನ ಮೇಲೆ ಅನುಮಾನ ಬಂತು. ಒಂದು ಕಲ್ಲು ತೆಗೆದು ಒರೆಸಿ, ಮೇಲೆ ನಿಂಬೆರಸ ಹಿಂಡಿದೆ. ಸಣ್ಣಗೆ ನೊರೆ ಎದ್ದಿತು. ಸುಣ್ಣದ ಅಂಶ ಇರುವ ಕಲ್ಲು ಹುಳಿ ತಾಗಿದರೆ ಹಾಗೆ ನೊರೆ ಬಿಡುತ್ತದೆ. ನೊರೆಯಲ್ಲಿರುವುದು ಕಾರ್ಬನ್ ಡೈಆಕ್ಸೈಡೇ. ಅಂಥ ಕಲ್ಲು ನೀರಿನಲ್ಲಿ ನಿಧಾನಕ್ಕೆ ಕರಗಿ ನೀರನ್ನು ಗಡಸು ಮಾಡುತ್ತದೆ. ಸಿಲಿಂಡರಿನ ಅನಿಲ ನೀರಿಗೆ ಸೇರಿದರೆ ನೀರು ಸ್ವಲ್ಪ ಹುಳಿಯಾಗುತ್ತದೆ, ಆಗ ಕಲ್ಲು ಇನ್ನೂ ಬೇಗ ಕರಗುತ್ತದೆ.

ಅಳೆದು ನೋಡಿದೆ. ಅಬ್ಬಿ ನೀರಿನ ಟಿಡಿಎಸ್, ಅಂದರೆ ಅದರಲ್ಲಿ ಕರಗಿರುವ ಒಟ್ಟು ಲವಣ, 30. ಗಡಸುತನ, ಅಂದರೆ ಜಿಎಚ್, 1 ಡಿಗ್ರಿ. ಕೆಎಚ್ ಎಂದರೆ ಹುಳಿಯನ್ನು ತಡೆದುಕೊಳ್ಳುವ ನೀರಿನ ಶಕ್ತಿ. ಅದರ ಪರೀಕ್ಷೆಯಲ್ಲಿ ಮೊದಲ ಹನಿಗೇ ಬಣ್ಣ ತಿರುಗಿತು, ಅಂದರೆ ಇಲ್ಲ ಎನ್ನುವಷ್ಟು ಕಡಿಮೆ. ಟ್ಯಾಂಕಿನ ಒಳಗಿನ ನೀರಿನದು ಬೇರೆಯೇ ಲೋಕ. ಟಿಡಿಎಸ್ 240, ಜಿಎಚ್ 10, ಕೆಎಚ್ 6. ದೊಡ್ಡಮ್ಮ ವಾರಕ್ಕೊಮ್ಮೆ ಅರ್ಧ ನೀರು ಬದಲಿಸುತ್ತಿದ್ದರು. ಆ ದಿನ ನೀರು ಒಮ್ಮೆಲೇ ಮೆದುವಾಗುತ್ತಿತ್ತು, ವಾರದೊಳಗೆ ಮತ್ತೆ ಗಡಸಾಗುತ್ತಿತ್ತು.

ಕಾರಣ ಸಿಕ್ಕಿತು ಅಂದುಕೊಂಡೆ. ಆದರೆ ಒಂದು ವಿಷಯ ಹೊಂದುತ್ತಿರಲಿಲ್ಲ. ಜಪಾನಿನವರೇ ಬಳಸುವ ಸೆಯ್‌ರ್ಯು ಎಂಬ ಕಲ್ಲು ಕೂಡ ನೀರನ್ನು ಗಡಸು ಮಾಡುತ್ತದೆ. ಆದರೂ ಅದರ ಸುತ್ತ ಸೊಗಸಾದ ಹಾಸು ಬೆಳೆದ ಟ್ಯಾಂಕುಗಳು ಎಷ್ಟೋ ಇವೆ. ಕೆಎಚ್ 6 ಇದ್ದ ಮಾತ್ರಕ್ಕೆ ಗಿಡ ಸಾಯುವುದಿಲ್ಲ.

ಉತ್ತರ ಸಿಕ್ಕಿದ್ದು ಸಂಜೆ ನಾಲ್ಕಕ್ಕೆ. ಗುಡುಗು ಶುರುವಾಯಿತು, ಕರೆಂಟು ಹೋಯಿತು. ಫಿಲ್ಟರಿನ ಸದ್ದು ನಿಂತಿತು. ಅನಿಲದ ಗುಳ್ಳೆಗಳೂ ನಿಂತವು. ಟ್ಯಾಂಕಿನ ಲೈಟು ಮಾತ್ರ ಜಗಮಗ ಉರಿಯುತ್ತಲೇ ಇತ್ತು.

ವೈರು ಹಿಡಿದುಕೊಂಡು ಹೋಗಿ ನೋಡಿದೆ. ಲೈಟಿನ ಟೈಮರ್ ಇದ್ದದ್ದು ಟಿವಿ ಪಕ್ಕದ ಪಾಯಿಂಟಿನಲ್ಲಿ. ಅದಕ್ಕೆ ಇನ್ವರ್ಟರ್ ಲೈನು ಇದೆ. ಫಿಲ್ಟರ್ ಮತ್ತು ಕರೆಂಟು ಇದ್ದಾಗ ಮಾತ್ರ ಅನಿಲ ಬಿಡುವ ಸಿಲಿಂಡರಿನ ಸೊಲೆನಾಯ್ಡ್ ವಾಲ್ವು ಇದ್ದದ್ದು ಗೋಡೆಯ ಇನ್ನೊಂದು ಬದಿಯ ಪಾಯಿಂಟಿನಲ್ಲಿ. ಅದಕ್ಕೆ ಇನ್ವರ್ಟರ್ ಇಲ್ಲ. "ದಿನಾ ಕರೆಂಟು ಹೋಗ್ತದಾ ದೊಡ್ಡಮ್ಮ?" ಎಂದು ಕೇಳಿದೆ. "ಗುಡುಗು ಶುರುವಾದ ಮೇಲೆ ಮಧ್ಯಾಹ್ನ ಹೋದ್ರೆ ಬರೋದು ರಾತ್ರಿಗೇ. ಲೈಟು ಇರ್ತದಲ್ಲ, ಟ್ಯಾಂಕಿಗೆ ತೊಂದರೆ ಇಲ್ಲ ಅಂತ ನಾನು ಸುಮ್ನಿದ್ದೆ" ಎಂದರು.

ತೊಂದರೆ ಇದ್ದದ್ದು ಅಲ್ಲಿಯೇ. ಜೋರು ಬೆಳಕು ಬಿದ್ದಾಗ ಗಿಡಕ್ಕೆ ಅಷ್ಟೇ ಜೋರಾಗಿ ಕಾರ್ಬನ್ ಡೈಆಕ್ಸೈಡ್ ಬೇಕು. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಅನಿಲ ಹರಡುವುದು ಸುಮಾರು 10,000 ಪಟ್ಟು ನಿಧಾನ. ಫಿಲ್ಟರ್ ನಿಂತು ನೀರು ಅಲುಗಾಡದಿದ್ದರೆ ಎಲೆಯ ಪಕ್ಕದಲ್ಲಿರುವ ಅನಿಲ ಬೇಗ ಖಾಲಿಯಾಗುತ್ತದೆ, ಹೊಸದು ಬರುವುದಿಲ್ಲ. ಒಂದು ದಿನ ಇದ್ದು ಒಂದು ದಿನ ಇಲ್ಲದಿದ್ದರೆ ಗಿಡಕ್ಕೆ ಹೊಂದಿಕೊಳ್ಳಲು ಆಗುವುದೇ ಇಲ್ಲ. ಪಾಚಿಗೆ ಆ ಕಷ್ಟ ಕಡಿಮೆ. ದಿನಕ್ಕೆ 10 ಗಂಟೆ ಬೆಳಕು, ಅದರಲ್ಲಿ ನಾಲ್ಕೈದು ಗಂಟೆ ಅನಿಲವಿಲ್ಲ. ಜೊತೆಗೆ ಮಧ್ಯಾಹ್ನ ನೀರಿನ ಬಿಸಿ 31 ಡಿಗ್ರಿ. ಕ್ಯೂಬಾ ಗಿಡ ತಂಪು ಬಯಸುವಂಥದ್ದು. ಇಷ್ಟು ಸಾಕಲ್ವಾ?

ನನ್ನ ತೀರ್ಮಾನ ಹೀಗಿತ್ತು: ಮುಖ್ಯ ಕಾರಣ ಕರೆಂಟಿನ ಜೋಡಣೆ, ಎರಡನೆಯದು ಸೆಕೆ, ಕಲ್ಲು ಮೂರನೆಯದು. ಇನ್ನೊಂದು ಮಾತೂ ಆಗ ಹೊಳೆಯಿತು. ಟ್ಯಾಂಕನ್ನು ತಪ್ಪು ಕಾಲದಲ್ಲಿ ನೆಟ್ಟಿದ್ದರು. ಚಳಿ ಮುಗಿಯುವಾಗ ನೆಟ್ಟರೆ ಗಿಡ ಎಳೆಯದಾಗಿರುವಾಗಲೇ ಬೇಸಿಗೆ, ಗುಡುಗು, ಕರೆಂಟು ಹೋಗುವುದು ಎಲ್ಲ ಎದುರಿಸಬೇಕು. ಮಲೆನಾಡಿನಲ್ಲಿ ನೆಡಲು ಮಳೆಗಾಲ ಇರುವಾಗ ಇದೇಕೆ?

ಮಳೆಗೆ ಕಾಯೋಣ ಎಂದು ನಿರ್ಧಾರವಾಯಿತು. ಮೀನುಗಳನ್ನು ಹಿತ್ತಲಿನ ಸಿಮೆಂಟ್ ತೊಟ್ಟಿಗೆ ಬಿಟ್ಟೆವು. ಅಣ್ಣ ಕಿತ್ತೆಸೆದಿದ್ದ ವ್ಯಾಲಿಸ್ನೇರಿಯಾ ಮತ್ತು ಕ್ರಿಪ್ಟ್ ಗಿಡಗಳನ್ನು ದೊಡ್ಡಮ್ಮ ಅದೇ ತೊಟ್ಟಿಯಲ್ಲಿ ಉಳಿಸಿಕೊಂಡಿದ್ದರು. ಎಸೆಯಲು ಮನಸ್ಸು ಬರಲಿಲ್ಲವಂತೆ.

ಕಲ್ಲು ಆರಿಸಿದ್ದು

ಹೊಸ ಕಲ್ಲಿಗೆ ದುಡ್ಡು ಕೊಡಲಿಲ್ಲ. ತೋಟದಲ್ಲಿ ಬಾವಿ ತೋಡುವಾಗ ಎದ್ದ ಕಪ್ಪು ಕಲ್ಲುಗಳ ರಾಶಿ ಕಣದ ಪಕ್ಕ ಬಿದ್ದಿತ್ತು. ಸ್ವಂತ ಜಾಗದ್ದು, ಬಾವಿಯಿಂದ ಬಂದದ್ದು. ಇದನ್ನು ಒತ್ತಿ ಹೇಳುತ್ತೇನೆ: ಹೊಳೆಯಿಂದ, ಕಾಡಿನಿಂದ ಕಲ್ಲು ಎತ್ತಿ ತರಬೇಡಿ. ಹೊಳೆಯ ಕಲ್ಲಿನ ಅಡಿಯಲ್ಲಿ ಮೀನು, ಏಡಿ, ಹುಳಗಳ ಸಂಸಾರ ಇರುತ್ತದೆ. ಕಾಯ್ದಿಟ್ಟ ಅರಣ್ಯದಿಂದ ತಂದರೆ ಕಾನೂನಿನ ತಪ್ಪೂ ಆಗುತ್ತದೆ.

ರಾಶಿಯಿಂದ ಇಪ್ಪತ್ತು ಕಲ್ಲು ಬೇರೆ ಮಾಡಿ ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆದೆವು. ಒಂದೊಂದಕ್ಕೂ ನಿಂಬೆರಸದ ಪರೀಕ್ಷೆ. ನೊರೆ ಬರಲಿಲ್ಲ. ಚಿನ್ನದ ಬಣ್ಣದ ಮಿನುಗು ಇದ್ದ ಎರಡನ್ನು ಪಕ್ಕಕ್ಕಿಟ್ಟೆ, ಅದರಲ್ಲಿ ಗಂಧಕ ಕೂಡಿದ ಕಬ್ಬಿಣದ ಖನಿಜ ಇರಬಹುದು. ಜಂಬಿಟ್ಟಿಗೆ ತುಂಡುಗಳನ್ನೂ ಬಿಟ್ಟೆವು. ಅದರ ಬಣ್ಣ ಚೆಂದವೇ. ಆದರೆ ಮೆತ್ತನೆಯದು ಉದುರಿ ನೀರು ಕೆಂಪಾಗುತ್ತದೆ. ಉಳಿದವನ್ನು ಒಂದು ವಾರ ಬಕೆಟ್ಟಿನ ಅಬ್ಬಿ ನೀರಿನಲ್ಲಿ ಮುಳುಗಿಸಿಟ್ಟು ಟಿಡಿಎಸ್ ನೋಡಿದೆ. 30 ಇದ್ದದ್ದು 33 ಆಯಿತು, ಅಷ್ಟೇ. ನಿಂಬೆರಸಕ್ಕಿಂತ ಈ ಬಕೆಟ್ ಪರೀಕ್ಷೆಯ ಮೇಲೆ ನನಗೆ ಜಾಸ್ತಿ ನಂಬಿಕೆ. ಕೆಲವು ಕಲ್ಲು ನಿಂಬೆಯಂಥ ಮೆದು ಹುಳಿಗೆ ಬೇಗ ಬಗ್ಗುವುದಿಲ್ಲ, ನೀರಿನಲ್ಲಿ ಮಾತ್ರ ನಿಧಾನಕ್ಕೆ ಬಿಡುತ್ತಲೇ ಇರುತ್ತವೆ.

ಜೋಡಿಸುವುದಕ್ಕೆ ಎರಡು ಮಧ್ಯಾಹ್ನ ಹಿಡಿಯಿತು. ಟ್ಯಾಂಕಿನೊಳಗೆ ಕೂಡಲೇ ಇಡಲಿಲ್ಲ. ಜಗಲಿಯ ಮೇಲೆ ಅದೇ ಅಳತೆಯ ರಟ್ಟಿನ ಡಬ್ಬ ಕತ್ತರಿಸಿ, ಮರಳು ತುಂಬಿ, ಅದರಲ್ಲಿ ಆಡಿ ನೋಡಿದೆವು. ಇವಾಗುಮಿಯಲ್ಲಿ ಕಲ್ಲಿನ ಸಂಖ್ಯೆ ಬೆಸವಾಗಿರಬೇಕು. ಮೂರು, ಐದು, ಏಳು. ದೊಡ್ಡ ಕಲ್ಲಿಗೆ ಓಯಾಇಶಿ ಎನ್ನುತ್ತಾರೆ. ಅದರ ಎತ್ತರ ಟ್ಯಾಂಕಿನ ಮೂರರಲ್ಲಿ ಎರಡು ಭಾಗದ ಹತ್ತಿರ, ಜಾಗ ಉದ್ದದ ಮೂರನೇ ಒಂದರ ಹತ್ತಿರ. ಉಳಿದವು ಅದರ ಜೊತೆ ನಿಲ್ಲುವ, ಆತುಕೊಳ್ಳುವ, ಬದಿಗೆ ಸರಿಯುವ ಕಲ್ಲುಗಳು. ನಾನು ಅಳತೆ ಪಟ್ಟಿ ಹಿಡಿದು ಐದು ಕಲ್ಲು ನಿಲ್ಲಿಸಿದೆ. ಲೆಕ್ಕ ಸರಿ ಇತ್ತು. ನೋಡಲು ಮಾತ್ರ ಹಲ್ಲು ನಿಲ್ಲಿಸಿದಂತೆ ಕಾಣುತ್ತಿತ್ತು.

ದೊಡ್ಡಮ್ಮ ಸ್ವಲ್ಪ ಹೊತ್ತು ನೋಡಿ, "ರಾಮತೀರ್ಥದಲ್ಲಿ ಬಂಡೆ ಹೇಗಿರ್ತದೆ ನೋಡಿದೀಯಲ್ಲ? ಒಂದೂ ನೆಟ್ಟಗೆ ನಿಂತಿರೋದಿಲ್ಲ. ಎಲ್ಲ ಒಂದೇ ಕಡೆಗೆ ಒರಗಿರ್ತಾವೆ" ಎಂದರು. ತೀರ್ಥಹಳ್ಳಿಯ ರಾಮತೀರ್ಥ, ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಜನ ತುಂಗೆಯಲ್ಲಿ ಮುಳುಗಿ ಏಳುವ ಜಾಗ. ನೀರು ಇಳಿದಾಗ ಅಲ್ಲಿನ ಬಂಡೆಗಳನ್ನು ನೋಡಿದರೆ ನೀರು ಎತ್ತಿಂದೆತ್ತ ಹರಿಯಿತು ಎಂದು ಓದಬಹುದು. ಕಲ್ಲಿನ ಪದರದ ಗೆರೆಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ತಿರುಗಿಸಿದೆವು. ದೊಡ್ಡ ಕಲ್ಲನ್ನು ಬಲಕ್ಕೆ ಒರಗಿಸಿ, ಕಾಲುಭಾಗ ಮಣ್ಣಿನೊಳಗೆ ಹೂತೆವು. ಹೂತ ಮೇಲೆ ಅದು ಇಟ್ಟ ಕಲ್ಲಿನಂತೆ ಕಾಣಲಿಲ್ಲ. ಅಲ್ಲಿಯೇ ಹುಟ್ಟಿದಂತೆ ಕಂಡಿತು.

ಟ್ಯಾಂಕಿನ ತಳಕ್ಕೆ ದಪ್ಪ ಪ್ಲಾಸ್ಟಿಕ್ ಜಾಲರಿ ಹಾಸಿದೆವು, ಕಲ್ಲಿನ ಮೊನೆ ಗಾಜಿಗೆ ತಾಗದಿರಲಿ ಎಂದು. ಮಣ್ಣಿನ ಮಟ್ಟ ಮುಂದೆ 3 ಸೆಂ.ಮೀ., ಹಿಂದೆ 10. ಬರೀ ಮಣ್ಣನ್ನು ಅಷ್ಟು ಇಳಿಜಾರು ಮಾಡಿದರೆ ಕೆಲವು ತಿಂಗಳಲ್ಲಿ ಜಾರಿ ಸಮವಾಗುತ್ತದೆ. ಹಾಗಾಗಿ ಹಿಂಭಾಗದಲ್ಲಿ ತೊಳೆದ ಸಣ್ಣ ಜಲ್ಲಿಯನ್ನು ಬಲೆಚೀಲದಲ್ಲಿ ತುಂಬಿ ಅಡಿಗಿಟ್ಟು, ಮೇಲೆ ಮಣ್ಣು ಹಾಕಿದೆವು. ಹಳೆಯ ಅಕ್ವಾಸಾಯಿಲ್‌ನ ಕೆಸರು ಸೋಸಿ ಅದನ್ನೇ ಕೆಳಗೆ ಬಳಸಿದೆವು. ಮೇಲಿನ ಪದರಕ್ಕೆ ಮಾತ್ರ 3 ಲೀಟರ್ ಹೊಸ ಮಣ್ಣು.

ಆರಿದ್ರೆಯಲ್ಲಿ ನೆಟ್ಟಿ

ಜೂನ್ ಕೊನೆಯ ವಾರ, ಆರಿದ್ರಾ ಮಳೆ ಹಿಡಿದಾಗ ಗಿಡ ನೆಟ್ಟೆವು. ಕ್ಯೂಬಾ ಕೈಬಿಟ್ಟು ಮಾಂಟೆ ಕಾರ್ಲೊ ತಂದಿದ್ದೆ. ಎಲೆ ಸ್ವಲ್ಪ ದೊಡ್ಡದು, ಬೇರು ಗಟ್ಟಿ, ಸೆಕೆಯನ್ನು ಸ್ವಲ್ಪ ಹೆಚ್ಚು ತಡೆಯುತ್ತದೆ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಮೂರು ಕಪ್. ಅವುಗಳಲ್ಲಿ ಬಸವನ ಹುಳುವಿನ ಮೊಟ್ಟೆ, ಪಾಚಿ ಇರುವುದಿಲ್ಲ.

ನೀರು ತುಂಬದೆ, ಮಣ್ಣು ಮಾತ್ರ ಒದ್ದೆ ಮಾಡಿ ಗಿಡ ಬೆಳೆಸುವುದಕ್ಕೆ ಡ್ರೈ ಸ್ಟಾರ್ಟ್ ಎನ್ನುತ್ತಾರೆ. ಎಲೆ ಗಾಳಿಯಲ್ಲಿ ಇರುವುದರಿಂದ ಕಾರ್ಬನ್ ಡೈಆಕ್ಸೈಡ್ ಧಾರಾಳವಾಗಿ ಸಿಗುತ್ತದೆ. ಸಿಲಿಂಡರ್ ಬೇಡ, ಫಿಲ್ಟರ್ ಬೇಡ. ನೀರಿನ ಪಾಚಿಗೆ ಜಾಗವೇ ಇಲ್ಲ. ಕರೆಂಟು ಎರಡು ದಿನ ಹೋದರೂ ಚಿಂತೆ ಇಲ್ಲ. ಬೇಕಾದದ್ದು ತೇವದ ಗಾಳಿ ಒಂದೇ. ಬೇರೆ ಊರಿನವರು ಅದಕ್ಕಾಗಿ ಟ್ಯಾಂಕಿನ ಬಾಯಿಗೆ ಪ್ಲಾಸ್ಟಿಕ್ ಬಿಗಿದು ಮೂರು ಹೊತ್ತು ನೀರು ಚಿಮುಕಿಸುತ್ತಾರೆ. ಆಗುಂಬೆಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಜುಲೈ ತಿಂಗಳ ಗಾಳಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಮಳೆ ಹಿಡಿದರೆ ಹಗ್ಗದ ಮೇಲಿನ ಬಟ್ಟೆ ವಾರವಾದರೂ ಒಣಗುವುದಿಲ್ಲ.

ನೆಡುವುದನ್ನು ನಾನು ಶುರುಮಾಡಿದೆ. ಇಕ್ಕಳದಲ್ಲಿ ಒಂದೊಂದೇ ಗೊಂಚಲು ಹಿಡಿದು, ಓರೆಯಾಗಿ ಚುಚ್ಚಿ, ನಿಧಾನಕ್ಕೆ ಇಕ್ಕಳ ಬಿಡಿಸುವುದು. ಒಂದು ಕಪ್ಪಿಗೆ ನಲವತ್ತು ನಿಮಿಷ ಆಯಿತು. ನನ್ನ ಗೊಂಚಲುಗಳೂ ದಪ್ಪ ಇದ್ದವು. ದೊಡ್ಡಮ್ಮ ಪಕ್ಕದಲ್ಲಿ ಕೂತು, "ಅಷ್ಟು ದಪ್ಪ ಹಿಡಿ ಹಾಕಿದ್ರೆ ಒಳಗಿಂದು ಉಸಿರು ಕಟ್ಟಿ ಕೊಳೀತದೆ. ಎರಡು ಮೂರು ಎಸಳು ಸಾಕು. ಸಾಲು ಬಿಟ್ಟು ಸಾಲಿಗೆ ಎಡೆ ನೋಡಿ ಊರು" ಎಂದರು. ಇಕ್ಕಳ ತಗೊಂಡರು. ನಲವತ್ತು ವರ್ಷ ಗದ್ದೆಯಲ್ಲಿ ಅಗೆ ಕಿತ್ತು ನೆಟ್ಟಿ ಮಾಡಿದ ಕೈ ಅದು. ಒಂದು ಸಾಲಿನ ಗಿಡ ಮುಂದಿನ ಸಾಲಿನ ಎರಡು ಗಿಡಗಳ ನಡುವೆ ಬರುವಂತೆ, ಎರಡು ಇಂಚಿಗೆ ಒಂದರಂತೆ ಊರುತ್ತಾ ಹೋದರು. ಉಳಿದ ಎರಡು ಕಪ್ ಒಂದು ಗಂಟೆಯೊಳಗೆ ಮುಗಿಯಿತು. ಆರು ವಾರದ ನಂತರ ನೋಡಿದಾಗ ಅವರು ನೆಟ್ಟ ಭಾಗ ಪೂರ್ತಿ ಮುಚ್ಚಿತ್ತು. ನಾನು ನೆಟ್ಟ ಎಡ ಮೂಲೆಯಲ್ಲಿ ಬಿರುಕುಗಳು ಉಳಿದಿದ್ದವು.

ದೊಡ್ಡ ಕಲ್ಲಿನ ನೆರಳಿಗೆ ಗದ್ದೆ ಬದುವಿನ ನಾಲ್ಕೆಲೆಯ ಗಿಡ ಹಾಕಿದೆವು. ಹೆಸರು ಮಾರ್ಸಿಲಿಯಾ. ನೋಡಲು ಪುಟ್ಟ ನಾಲ್ಕೆಸಳಿನ ಹೂವಿನಂತಿದ್ದರೂ ಅದು ಜರೀಗಿಡದ ಜಾತಿ. ಕಾರ್ಪೆಟ್ ಗಿಡ ಎಂದು ಅಕ್ವೇರಿಯಂ ಅಂಗಡಿಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ಇದರ ಬಂಧುಗಳನ್ನೇ. ಬೆಳೆಯುವುದು ನಿಧಾನ, ಕಡಿಮೆ ಬೆಳಕಿಗೂ ಸರಿ. ಕಳೆನಾಶಕ ಹೊಡೆಯದ ಗದ್ದೆಯಿಂದಲೇ ಕಿತ್ತು, ಪಟಿಕ ಕರಗಿಸಿದ ನೀರಿನಲ್ಲಿ ಎರಡು ಗಂಟೆ ಇಟ್ಟು, ಚೆನ್ನಾಗಿ ತೊಳೆದು ನೆಟ್ಟೆವು.

ನೀರಿನ ಮಟ್ಟ ಮುಂಭಾಗದ ಮಣ್ಣಿಗಿಂತ 1 ಸೆಂ.ಮೀ. ಕೆಳಗೆ. ಲೈಟು ದಿನಕ್ಕೆ 10 ಗಂಟೆ. ಬಾಯಿಗೆ ಪ್ಲಾಸ್ಟಿಕ್ ಮುಚ್ಚಿ ನಾನು ಶಿವಮೊಗ್ಗಕ್ಕೆ ಬಂದೆ.

ಎರಡನೇ ವಾರ ಫೋನು. "ಬೂಸ್ಟು ಹಿಡಿದಿದೆ." ಫೋಟೋ ನೋಡಿದರೆ ಹಿಂಭಾಗದ ಮಣ್ಣಿನ ಮೇಲೆ ಬಿಳಿ ನೂಲು. ಪ್ಲಾಸ್ಟಿಕ್ ಮುಚ್ಚಿದ್ದು ನನ್ನ ತಪ್ಪು. ಪುಸ್ತಕದ ವಿಧಾನ ಒಣ ಊರಿಗೆ ಬರೆದದ್ದು. ಈ ಗಾಳಿಗೆ ಮುಚ್ಚಳವೇ ಬೇಡವಾಗಿತ್ತು. ಬೂಸ್ಟು ಬಂದ ಮಣ್ಣನ್ನು ಚಮಚದಲ್ಲಿ ತೆಗೆಸಿ, ಪ್ಲಾಸ್ಟಿಕ್ಕನ್ನು ಅರ್ಧಕ್ಕೆ ಸರಿಸಲು ಹೇಳಿದೆ. ನಾಲ್ಕು ದಿನದಲ್ಲಿ ನಿಂತಿತು. ಆಮೇಲೆ ಕೊನೆಯವರೆಗೂ ಅರ್ಧ ತೆರೆದೇ ಇತ್ತು. ನೀರು ಚಿಮುಕಿಸಿದ್ದು ವಾರಕ್ಕೆ ಎರಡು ಸಲ ಇರಬಹುದು.

ನೀರು ತುಂಬಿದ್ದು

ಆಗಸ್ಟ್ ಎರಡನೇ ವಾರ, ಆಶ್ಲೇಷ ಮಳೆಯಲ್ಲಿ ನೀರು ಬಿಟ್ಟೆವು. ಹಾಸಿನ ಮೇಲೆ ಬಾಳೆ ಎಲೆ ಹಾಕಿ, ಅದರ ಮೇಲೆ ಸಣ್ಣ ಪೈಪಿನಲ್ಲಿ ನಿಧಾನಕ್ಕೆ. ಒಂದೇ ಒಂದು ಗಿಡ ಕಿತ್ತು ಬರಲಿಲ್ಲ. ಆರು ವಾರದ ಬೇರು ಅಷ್ಟು ಗಟ್ಟಿಯಾಗಿ ಹಿಡಿದಿತ್ತು.

ಅಷ್ಟರಲ್ಲಿ ವೈರಿಂಗ್ ಅದಲುಬದಲು ಮಾಡಿದ್ದೆ. ಈಗ ಲೈಟು ಮತ್ತು ಅನಿಲದ ವಾಲ್ವು ಎರಡೂ ಇನ್ವರ್ಟರ್ ಇಲ್ಲದ ಲೈನಿನಲ್ಲಿ. ಕರೆಂಟು ಹೋದರೆ ಎರಡೂ ಒಟ್ಟಿಗೇ ನಿಲ್ಲುತ್ತವೆ. ಫಿಲ್ಟರ್ ಮಾತ್ರ ಇನ್ವರ್ಟರಿನಲ್ಲಿ. ಅದು ಎಳೆಯುವುದು 8 ವ್ಯಾಟ್, ಯಾರಿಗೂ ಭಾರವಲ್ಲ. ಫಿಲ್ಟರ್ ಬಹಳ ಹೊತ್ತು ನಿಂತರೆ ಅದರೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಗಳು ಉಸಿರಿಲ್ಲದೆ ಸಾಯುತ್ತವೆ. ಬೆಳಕಿಲ್ಲದೆ ಗಿಡ ಒಂದು ದಿನ ಇದ್ದರೆ ಏನೂ ಆಗುವುದಿಲ್ಲ. ಮಳೆಗಾಲದ ಮೋಡದ ದಿನದಂತೆ ಅದು. ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಬದಲಾವಣೆ ಇದೇ. ಎರಡು ಪ್ಲಗ್ ಕಿತ್ತು ಇನ್ನೊಂದು ಕಡೆ ಚುಚ್ಚಿದ್ದು, ಖರ್ಚು ಏನೂ ಇಲ್ಲ.

ಮೊದಲ ವಾರ ದಿನ ಬಿಟ್ಟು ದಿನ ಅರ್ಧ ನೀರು ಬದಲಿಸಿದೆವು. ಹೊಸ ಅಕ್ವಾಸಾಯಿಲ್ ಅಮೋನಿಯಾ ಬಿಡುತ್ತದೆ. ಪರೀಕ್ಷೆಯಲ್ಲಿ 1 ಪಿಪಿಎಂ ತೋರಿಸಿ, ಮೂರನೇ ವಾರಕ್ಕೆ ಸೊನ್ನೆಗೆ ಬಂತು. ಬೆಳಕು ದಿನಕ್ಕೆ ಆರೇ ಗಂಟೆ. ಗಾಳಿಯಲ್ಲಿ ಬೆಳೆದ ಎಲೆಗಳಲ್ಲಿ ಸ್ವಲ್ಪ ಹಳದಿಯಾಗಿ ಉದುರಿದವು, ನೀರಿನ ಎಲೆ ಹೊಸದಾಗಿ ಬಂತು. ಗಾಜಿಗೆ ಕಂದು ಪಾಚಿ ಬಂದು ತಾನೇ ಹೋಯಿತು.

ಆಮೇಲೆ ಹೊಸ ಎಲೆಗಳು ಮುರುಟಿಕೊಂಡು ಬರತೊಡಗಿದವು. ಇದು ಬೇರೆ ರೋಗ. ಹಿಂದೆ ನೀರು ಗಡಸಾಗಿದ್ದರೆ ಈಗ ತೀರಾ ಮೆದು. ಕಪ್ಪು ಕಲ್ಲು ಏನನ್ನೂ ಬಿಡುವುದಿಲ್ಲ, ಅಬ್ಬಿ ನೀರಿನಲ್ಲಿ ಏನೂ ಇಲ್ಲ, ಮಣ್ಣು ಇದ್ದ ಸ್ವಲ್ಪವನ್ನೂ ಹೀರುತ್ತದೆ. ಎಳೆ ಎಲೆ ಕಟ್ಟಲು ಬೇಕಾದ ಕ್ಯಾಲ್ಸಿಯಂ, ಮೆಗ್ನೀಶಿಯಂ ಇರಲಿಲ್ಲ. ಪಿಎಚ್ 5.6ಕ್ಕೆ ಇಳಿದಿತ್ತು, ಅಂದರೆ ನೀರು ಹುಳಿಯಾಗಿತ್ತು.

ಪ್ರತಿ ವಾರ 25 ಲೀಟರ್ ಹೊಸ ನೀರಿಗೆ 2.3 ಗ್ರಾಂ ಜಿಪ್ಸಂ ಮತ್ತು 1.1 ಗ್ರಾಂ ಮೆಗ್ನೀಶಿಯಂ ಸಲ್ಫೇಟ್ ಹಾಕಿದರೆ ಆ ನೀರಿನ ಜಿಎಚ್ ನಾಲ್ಕು ಡಿಗ್ರಿ ಏರುತ್ತದೆ. ಲೆಕ್ಕ ಬರೆದುಕೊಟ್ಟೆ. ದೊಡ್ಡಮ್ಮ ಕೇಳಿ, "ವಾರ ವಾರ ಇದನ್ನೆಲ್ಲ ತೂಗ್ತಾ ಕೂರೋದು ನನ್ನ ಕೈಲಾಗ್ತದಾ? ತೋಟಕ್ಕೆ ಹುಳಿ ಜಾಸ್ತಿಯಾದ್ರೆ ಸುಣ್ಣ ಹಾಕ್ತೇವೆ. ನಿನ್ನಣ್ಣ ತಂದ ಸುಣ್ಣದ ಕಲ್ಲು ಹೊರಗೆ ಬಿದ್ದಿದೆಯಲ್ಲ, ಅದನ್ನೇ ಒಂದು ಹಾಕು" ಎಂದರು.

ಸರಿ ಎನಿಸಿತು. ಹಳೆಯ ಬೂದು ಕಲ್ಲಿನಲ್ಲಿ ಮುಷ್ಟಿ ಗಾತ್ರದ ಒಂದು ತುಂಡನ್ನು ಫಿಲ್ಟರಿನೊಳಗೆ ಇಟ್ಟೆವು. ಮೂರು ವಾರ ಬಿಟ್ಟು ಅಳೆದಾಗ ಜಿಎಚ್ 4, ಕೆಎಚ್ 2, ಪಿಎಚ್ 6.4. ವಾರದ ಅರ್ಧ ನೀರು ಬದಲಾವಣೆಯ ಜೊತೆ ಅಲ್ಲಿಯೇ ನಿಂತಿತು. ಮೆಗ್ನೀಶಿಯಂ ಮಾತ್ರ ಬೇರೆ ಹಾಕುತ್ತೇವೆ, ವಾರಕ್ಕೆ ಒಂದು ಗ್ರಾಂ. ತೋಟಕ್ಕೆಂದು ಗೊಬ್ಬರದಂಗಡಿಯಲ್ಲಿ ಸಿಗುವ ಮೆಗ್ನೀಶಿಯಂ ಸಲ್ಫೇಟ್ ಬದಲು ಔಷಧಿ ಅಂಗಡಿಯ ಶುದ್ಧ ಎಪ್ಸಮ್ ಉಪ್ಪನ್ನೇ (ಅದೂ ಮೆಗ್ನೀಶಿಯಂ ಸಲ್ಫೇಟೇ) ತಂದೆ. ಎಲೆಗಳು ಮತ್ತೆ ಚಪ್ಪಟೆಯಾಗಿ ಬಿಚ್ಚಿಕೊಂಡವು.

ಅನಿಲದ ಪ್ರಮಾಣಕ್ಕೆ ಡ್ರಾಪ್ ಚೆಕ್ಕರ್, ಅಂದರೆ ಟ್ಯಾಂಕಿನೊಳಗೆ ಅಂಟಿಸುವ ಬಣ್ಣ ಬದಲಿಸುವ ಪುಟ್ಟ ಬುರುಡೆ, ನೋಡಿ ಎಂದಿದ್ದೇನೆ. ಇಂಥ ಮೆದು ನೀರಿನಲ್ಲಿ, ಪಿಎಚ್ ಮತ್ತು ಕೆಎಚ್ ನೋಡಿ ಅನಿಲ ಲೆಕ್ಕ ಹಾಕುವ ಕೋಷ್ಟಕ ನಂಬುವಂತಿಲ್ಲ. ಡ್ರಾಪ್ ಚೆಕ್ಕರಿನಲ್ಲಿ 4 ಡಿಗ್ರಿ ಕೆಎಚ್‌ನ ಅದರದ್ದೇ ದ್ರಾವಣ ಇರುವುದರಿಂದ ಅದು ಸರಿ ತೋರಿಸುತ್ತದೆ. ಹಸಿರು ಇದ್ದರೆ ಸರಿ, ಹಳದಿಯಾದರೆ ಜಾಸ್ತಿ, ನೀಲಿಯಾದರೆ ಕಡಿಮೆ. ದೊಡ್ಡಮ್ಮನಿಗೆ ಇದು ಸುಲಭವಾಯಿತು.

ಮೈಲುತುತ್ತಿನ ಬಕೆಟ್ಟು

ಸೆಪ್ಟೆಂಬರ್ ಮಧ್ಯದಲ್ಲಿ ತೊಟ್ಟಿಯ ಮೀನುಗಳು ವಾಪಸ್ ಬಂದವು. ಒಂಬತ್ತೂ ಬದುಕಿದ್ದವು. ಪಾಚಿ ತಿನ್ನಲೆಂದು ಹತ್ತು ಅಮಾನೋ ಸೀಗಡಿ ಬಿಟ್ಟೆವು. ಗಾಜು ತಿಕ್ಕುವ ನೆರೈಟ್ ಬಸವನ ಹುಳು ಬೇಕೆಂದು ಅಣ್ಣ ಕೇಳಿದ. ಬೇಡ ಎಂದೆ, ಇಷ್ಟು ಮೆದು ನೀರಿನಲ್ಲಿ ಅದರ ಚಿಪ್ಪು ಸವೆಯುತ್ತದೆ.

ಆ ವರ್ಷ ಮಳೆ ಬಿಡಲಿಲ್ಲ. ಅಡಿಕೆಗೆ ಕೊಳೆ ರೋಗದ ಭಯ. ಮೂರನೇ ಸಲ ಬೋರ್ಡೋ ದ್ರಾವಣ ಹೊಡೆಯಲು ಅಡಿಕೆ ಮರ ಹತ್ತುವ ಕೊನೆಗಾರ ಬಂದಿದ್ದ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ. ಮೈಲುತುತ್ತು ಎಂದರೆ ತಾಮ್ರದ ಸಲ್ಫೇಟ್. ಆ ದಿನ ಮೈಲುತುತ್ತು ನೆನೆಸಿದ್ದ ಬಕೆಟ್ಟನ್ನು ಯಾರೋ ತೊಳೆದು ಬಚ್ಚಲ ಬಳಿ ಇಟ್ಟರು. ಸಂಜೆ ಟ್ಯಾಂಕಿಗೆ ನೀರು ಹೊತ್ತದ್ದು ಅದರಲ್ಲಿ.

ಬೆಳಗ್ಗೆ ಏಳು ಸೀಗಡಿ ಸತ್ತಿದ್ದವು. ಮೀನುಗಳಿಗೆ, ಗಿಡಗಳಿಗೆ ಏನೂ ಆಗಿರಲಿಲ್ಲ. ಸೀಗಡಿಯಂಥ ಜೀವಿಗಳಿಗೆ ತಾಮ್ರ ತೀರಾ ಸ್ವಲ್ಪ ಇದ್ದರೂ ವಿಷ. ನೀರು ಮೆದುವಾಗಿದ್ದಷ್ಟೂ ಆ ವಿಷದ ಶಕ್ತಿ ಹೆಚ್ಚು. ಗಡಸು ನೀರಾಗಿದ್ದರೆ ಕೆಲವಾದರೂ ಹೆಚ್ಚು ಉಳಿಯುತ್ತಿದ್ದವೋ ಏನೋ. ಎರಡು ದಿನ ಅರ್ಧರ್ಧ ನೀರು ಬದಲಿಸಿ, ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿದೆವು. ಮೂರು ಉಳಿದವು.

ದೊಡ್ಡಮ್ಮ ಎರಡು ದಿನ ಟ್ಯಾಂಕಿನ ಎದುರು ಕೂರಲಿಲ್ಲ. ಅಡಿಕೆ ತೋಟವಿರುವ ಮನೆಯಲ್ಲಿ ಅಕ್ವೇರಿಯಂ ಇದೆ ಎಂದಾದರೆ ಈ ಅಪಾಯ ಪ್ರತಿ ಮಳೆಗಾಲವೂ ಇರುತ್ತದೆ. ಈಗ ಟ್ಯಾಂಕಿಗೆಂದೇ ಒಂದು ಕೆಂಪು ಬಕೆಟ್ಟು ಇದೆ. ಅದು ಅಡುಗೆಮನೆಯ ಒಳಗಿರುತ್ತದೆ, ಬಚ್ಚಲಿಗೆ ಹೋಗುವುದಿಲ್ಲ. ಔಷಧಿ ಹೊಡೆಯುವ ದಿನ ಅಬ್ಬಿ ತೊಟ್ಟಿಯ ಬಾಯಿಗೆ ತಾಡಪಾಲು ಮುಚ್ಚುತ್ತಾರೆ. ಆ ವಾರ ಟ್ಯಾಂಕಿನ ನೀರು ಬದಲಿಸುವುದೇ ಇಲ್ಲ. ಹೊಸ ಸೀಗಡಿ ತಂದದ್ದು ಎರಡು ತಿಂಗಳು ಬಿಟ್ಟು.

ಮುಂದಿನ ಬೇಸಿಗೆ

ನಿಜವಾದ ಪರೀಕ್ಷೆ ಏಪ್ರಿಲ್‌ನಲ್ಲಿ. ಮಧ್ಯಾಹ್ನ ನೀರು ಮತ್ತೆ 30 ದಾಟಿತು. ನೀರಿನ ಮೇಲೆ ಗಾಳಿ ಬೀಸುವಂತೆ ಒಂದು ಸಣ್ಣ ಯುಎಸ್‌ಬಿ ಫ್ಯಾನ್ ಕಟ್ಟಿದೆವು. ನೀರು ಆವಿಯಾಗುವಾಗ ಎರಡು ಮೂರು ಡಿಗ್ರಿ ಇಳಿಯುತ್ತದೆ. ಇಳಿದ ಮಟ್ಟಕ್ಕೆ ಅಬ್ಬಿ ನೀರು ಸೇರಿಸಿದರಾಯಿತು. ಲೈಟಿನ ಹೊತ್ತನ್ನೂ ಬದಲಿಸಿದೆವು, ಸಂಜೆ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ. ಸೆಕೆಯ ಹೊತ್ತಿನಲ್ಲಿ ಗಿಡಕ್ಕೆ ಕೆಲಸ ಬೇಡ. ದೊಡ್ಡಮ್ಮ ಕೂರುವುದೂ ಸಂಜೆಯೇ ಅಲ್ವಾ?

ಹಾಸು ಉಳಿಯಿತು. ಆದರೆ ಮಧ್ಯದಲ್ಲಿ ಒಂದು ಕಡೆ ಅಂಗೈಯಗಲ ಮಣ್ಣಿನಿಂದ ಎದ್ದು ಬಂತು. ಎರಡು ಇಂಚು ದಪ್ಪವಾಗುವವರೆಗೆ ಕತ್ತರಿಸದೆ ಬಿಟ್ಟಿದ್ದೇ ಕಾರಣ. ಮೇಲಿನದು ಬೆಳಕು ತಿಂದು ಅಡಿಯದು ಸತ್ತು, ಬೇರು ಬಿಟ್ಟಿತ್ತು. ಈಗ ಮೂರು ವಾರಕ್ಕೊಮ್ಮೆ ಒಂದು ಸೆಂಟಿಮೀಟರಿಗೆ ಕತ್ತರಿಸುತ್ತಾರೆ. ಕತ್ತರಿಸಿದ್ದು ಹಳ್ಳಕ್ಕಾಗಲಿ ತೋಟದ ಕಾಲುವೆಗಾಗಲಿ ಹೋಗಬಾರದು. ಮಾಂಟೆ ಕಾರ್ಲೊ ದಕ್ಷಿಣ ಅಮೆರಿಕದ ಗಿಡ, ನಮ್ಮ ಹಳ್ಳದಲ್ಲಿ ಅದಕ್ಕೆ ಜಾಗವಿಲ್ಲ. ಎಲ್ಲ ಗೊಬ್ಬರ ಗುಂಡಿಗೆ, ಒಣಗಿಸಿದ ಮೇಲೆ.

ನಾನು ನೆಟ್ಟ ಎಡ ಮೂಲೆ ಇವತ್ತಿಗೂ ತುಂಬಿಲ್ಲ. ಕಲ್ಲಿನ ನೆರಳೂ ಸ್ವಲ್ಪ ಅಲ್ಲಿಗೆ ಬೀಳುತ್ತದೆ. ಹಿಂದಿನಿಂದ ಮಾರ್ಸಿಲಿಯಾ ನಿಧಾನಕ್ಕೆ ಅತ್ತ ಬರುತ್ತಿದೆ. ಅಣ್ಣ ಫೋನಿನಲ್ಲಿ ಆ ಕಲ್ಲನ್ನು ಸ್ವಲ್ಪ ಸರಿಸಬಹುದಲ್ಲ ಎಂದ. ದೊಡ್ಡಮ್ಮ ಒಪ್ಪಲಿಲ್ಲ. ಈ ಸಲದ ಆರಿದ್ರೆಗೆ ಆ ಮೂಲೆಯನ್ನಷ್ಟೇ ಬಿಡಿಸಿ ನೆಡೋಣ ಎಂದಿದ್ದಾರೆ. ಹೊಸ ಕಪ್ ತರುವುದು ಬೇಡವಂತೆ. ಕತ್ತರಿಸಿದ ಎಸಳುಗಳಲ್ಲಿ ಒಳ್ಳೆಯವನ್ನು ಆರಿಸಿ, ಅಡಿಕೆ ಹಾಳೆಯಲ್ಲಿ ಉಳಿದ ಮಣ್ಣು ಹರಡಿ, ಅದರ ಮೇಲೆ ಅಗೆ ಮಾಡಿ ಜಗಲಿಯ ತುದಿಯಲ್ಲಿ ಇಟ್ಟಿದ್ದಾರೆ. ಮೊನ್ನೆ ಹೋದಾಗ ಹಾಳೆಯ ಅರ್ಧ ಮುಚ್ಚಿತ್ತು.